ಐವತ್ತು ಮೀಟರ್, ಐದು ಸೆಕೆಂಡ್

ನಾನು ನಗರದ ರಸ್ತೆ ವಿಭಾಗದಲ್ಲಿ ಇಂಜಿನಿಯರ್. ನಮ್ಮ ಟೇಬಲ್ಲಿಗೆ ಬರುವ ಅರ್ಜಿಗಳಲ್ಲಿ ಜಾಸ್ತಿ ಇರುವುದು ಗುಂಡಿ ಮುಚ್ಚಿಸಿ ಅನ್ನುವವು. ಆಮೇಲೆ ಹಂಪ್ ಹಾಕಿಸಿ. ಅದಾದ ಮೇಲೆ ಹಂಪ್ ತೆಗೆಸಿ. ಹಾಕಿಸಿ ಅಂತ ಸಹಿ ಮಾಡಿದವರೇ ಆರು ತಿಂಗಳಿಗೆ ತೆಗೆಸಿ ಅಂತ ಬಂದದ್ದೂ ಇದೆ. ಹಂಪ್ ಅವರ ಗೇಟಿನ ಎದುರಿಗೇ ಬಿದ್ದಿತ್ತು. ರಾತ್ರಿಯೆಲ್ಲ ಖಾಲಿ ಟೆಂಪೋಗಳು ಧಡ್ ಧಡ್ ಅಂತ ಹಾರುತ್ತಿದ್ದವು, ಪಾಪ.

ಈಗ ಹೇಳುತ್ತಿರುವುದು ನಾನೇ ಎಡವಿದ ಒಂದು ಅರ್ಜಿಯ ಕಥೆ.

ಬೆಂಗಳೂರಿನ ಒಂದು ಹಳೇ ಬಡಾವಣೆ. ಎರಡು ಮುಖ್ಯರಸ್ತೆಗಳ ನಡುವೆ ಮೂವತ್ತು ಅಡಿ ಅಗಲದ ಕ್ರಾಸ್. ಎರಡೂ ಬದಿ ಕಾರು ನಿಂತರೆ ಓಡಾಡಲು ಉಳಿಯುವುದು ಐದು ಮೀಟರ್. ಫುಟ್‌ಪಾತ್ ಅನ್ನುವುದು ಗಿಡದ ಕುಂಡ, ಗೇಟಿನ ಇಳಿಜಾರುಗಳಲ್ಲಿ ಕಳೆದುಹೋಗಿದೆ. ಹಾಗಾಗಿ ಜನ ನಡೆಯುವುದು ರಸ್ತೆಯಲ್ಲೇ. ಬೆಳಗ್ಗೆ ಸಿಗ್ನಲ್ಲಿನಲ್ಲಿ ಗಾಡಿಗಳು ಸಾಲುಗಟ್ಟಿದರೆ ಸಾಕು, ಮೊಬೈಲಿನ ಮ್ಯಾಪು ಈ ಕ್ರಾಸನ್ನು ತೋರಿಸುತ್ತದೆ. ಎಲ್ಲರೂ ಇಲ್ಲಿಗೇ ನುಗ್ಗುತ್ತಾರೆ.

ಅರ್ಜಿಯ ವಿಷಯ: ಎರಡು ಹಂಪ್ ಹಾಕಿಸುವ ಬಗ್ಗೆ. ಒಳಗೆ, "ವಾಹನಗಳು 60-70 ಕಿ.ಮೀ. ವೇಗದಲ್ಲಿ ಬರುತ್ತಿದ್ದು ಮಕ್ಕಳು, ಹಿರಿಯರು ರಸ್ತೆ ದಾಟಲು ಆಗುತ್ತಿಲ್ಲ." ಕೆಳಗೆ ಎರಡು ಹಾಳೆ ತುಂಬ ಸಹಿ.

ನಾನು ಹೋಗಿದ್ದು ಹನ್ನೊಂದು ಗಂಟೆಗೆ. ಆಫೀಸಿನ ಕೆಲಸ ಮುಗಿಸಿಕೊಂಡು, ಒಂದು ಕಾಫಿ ಕುಡಿದು. ವೇಗ ನೋಡಲು ದುಬಾರಿ ಯಂತ್ರವೇನೂ ಬೇಕಿಲ್ಲ. ಟೇಪ್ ಹಿಡಿದು 50 ಮೀಟರ್ ಅಳೆಯಬೇಕು. ಎರಡು ತುದಿಗೂ ಚಾಕ್‌ಪೀಸಿನಲ್ಲಿ ಗೆರೆ ಎಳೆಯಬೇಕು. ಗಾಡಿ ಮೊದಲ ಗೆರೆ ಮುಟ್ಟಿದಾಗ ಸ್ಟಾಪ್‌ವಾಚ್ ಒತ್ತಿ, ಎರಡನೆಯದಕ್ಕೆ ನಿಲ್ಲಿಸಬೇಕು. 180ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಬರುತ್ತದೆ. 6 ಸೆಕೆಂಡ್ ಆದರೆ 30. 5 ಆದರೆ 36. 4 ಆದರೆ 45. ನಿಮ್ಮ ಬೀದಿಯಲ್ಲೂ ನೀವೇ ಮಾಡಿ ನೋಡಬಹುದು, ಗೆರೆ ಎಳೆಯುವಾಗ ಮಾತ್ರ ಹಿಂದೆ ಮುಂದೆ ನೋಡಿಕೊಳ್ಳಿ.

60 ಕಿ.ಮೀ. ಅಂದರೆ 3 ಸೆಕೆಂಡಿನಲ್ಲಿ ದಾಟಬೇಕು. ಒಬ್ಬರೂ ದಾಟಲಿಲ್ಲ. ಹೆಚ್ಚಿನವರು ಐದೂವರೆ ಸೆಕೆಂಡಿನ ಆಸುಪಾಸು. ಜನ ಯಾವಾಗಲೂ ಹೀಗೇ, ಒಂದಿದ್ದರೆ ಎರಡು ಅಂತಾರೆ ಅಂದುಕೊಂಡೆ. ಫೈಲಿನಲ್ಲಿ ಬರೆದೆ: "ಅತಿವೇಗ ಕಂಡುಬಂದಿರುವುದಿಲ್ಲ. ಹಂಪ್ ಅಗತ್ಯವಿರುವುದಿಲ್ಲ."

ಒಂದು ತಿಂಗಳೂ ಆಗಿರಲಿಲ್ಲ, ಅಲ್ಲಿ ರಾತ್ರೋರಾತ್ರಿ ಹಂಪ್ ಎದ್ದಿತ್ತು. ಯಾರು ಹಾಕಿದ್ದು ಅಂದರೆ ಯಾರಿಗೂ ಗೊತ್ತಿಲ್ಲ. ನಮ್ಮ ಕೆಲಸದಲ್ಲಿ ಇದು ಹೊಸದಲ್ಲ. ಪಕ್ಕದಲ್ಲೆಲ್ಲೋ ಡಾಂಬರು ಹಾಕುತ್ತಿರುತ್ತಾರೆ, ಬೀದಿಯವರು ಒಂದಿಷ್ಟು ದುಡ್ಡು ಸೇರಿಸುತ್ತಾರೆ, ನಾಲ್ಕು ಬಾಂಡ್ಲಿ ಇಲ್ಲಿಗೂ ಬಂದು ಬೀಳುತ್ತದೆ. ಅಗಲ ಒಂದೂವರೆ ಅಡಿ, ಎತ್ತರ ಅರ್ಧ ಅಡಿ. ಬಣ್ಣ ಇಲ್ಲ, ಬೋರ್ಡ್ ಇಲ್ಲ. ರಸ್ತೆಗಳ ಅಳತೆ, ಮಾನದಂಡ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದರ ಮಾರ್ಗಸೂಚಿಯಲ್ಲಿ ಹಂಪ್ ಅಂದರೆ 3.7 ಮೀಟರ್ ಅಗಲ, ಎತ್ತರ ಬರೀ 10 ಸೆಂಟಿಮೀಟರ್. 25 ಕಿ.ಮೀ. ವೇಗದಲ್ಲಿ ಮೆಲ್ಲಗೆ ಹತ್ತಿ ಇಳಿಯುವ ಹಾಗೆ ಅದರ ಲೆಕ್ಕ. 40 ಮೀಟರ್ ಮುಂಚೆ ಎಚ್ಚರಿಕೆ ಬೋರ್ಡ್ ಇರಬೇಕು. ನಮ್ಮ ಬೀದಿಗಳಲ್ಲಿ ಇರುವುದರಲ್ಲಿ ಅರ್ಧಕ್ಕರ್ಧ ಹಂಪ್ ಅಲ್ಲ, ಕಟ್ಟೆ.

ಆ ಕಟ್ಟೆಯ ಎರಡು ತುದಿಯಲ್ಲೂ ಮಳೆನೀರು ಹೋಗಲು ಒಂದೊಂದು ಅಡಿ ಜಾಗ ಬಿಟ್ಟಿದ್ದರು. ಸ್ಕೂಟರುಗಳೆಲ್ಲ ಅದರಲ್ಲೇ ನುಸುಳತೊಡಗಿದವು. ಜನ ನಡೆಯುತ್ತಿದ್ದುದೂ ಅದೇ ಅಂಚಿನಲ್ಲಿ! ಒಂದು ಮಳೆಯ ಸಂಜೆ ಊಟ ತಲುಪಿಸುವ ಹುಡುಗನೊಬ್ಬ ಕತ್ತಲಲ್ಲಿ ಹಂಪ್ ಕಾಣದೆ ಬಿದ್ದ. ಮೊಣಕೈ ತರಚಿತು, ಸಾಂಬಾರು ರಸ್ತೆಪಾಲಾಯಿತು. ಅಷ್ಟಕ್ಕೇ ಮುಗಿಯಿತು, ದೇವರು ದೊಡ್ಡವನು. ಮಾರನೆಯ ದಿನ ಮೇಲಿನವರಿಂದ ನನಗೆ ಫೋನು.

ಈ ಸಲ ಬೆಳಗ್ಗೆ ಎಂಟೂಕಾಲಿಗೆ ಹೋದೆ. ಇದು ಬೇರೆಯದೇ ರಸ್ತೆ. ಸ್ಕೂಲ್ ವ್ಯಾನು, ಕ್ಯಾಬು, ಹೊತ್ತಾಯಿತು ಅಂತ ಓಡುವ ಬೈಕು. 4 ಸೆಕೆಂಡಿನವರೂ ಸಿಕ್ಕರು. ಗೇಟಿನ ಹತ್ತಿರ ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ಕರೆದರು.

"ಬಾಪ್ಪಾ ಇಲ್ಲಿ. ಆವತ್ತು ಗೆರೆ ಎಳ್ಕೊಂಡು ಹೋದೋನು ನೀನೇ ಅಲ್ವಾ?"

"ಹೌದಮ್ಮ. ಆದ್ರೆ ಅರ್ಜೀಲಿ ಬರೆದಷ್ಟು ಸ್ಪೀಡ್ ಇರಲಿಲ್ಲ."

"ಅರವತ್ತೋ ಎಪ್ಪತ್ತೋ ನಂಗೇನ್ ಗೊತ್ತಾಗತ್ತಪ್ಪ? ಕಣ್ಣಿಗೆ ಬೀಳೋ ಹೊತ್ತಿಗೆ ಮೈಮೇಲೇ ಬಂದಿರತ್ತೆ. ಅದಕ್ಕೇ ಜೋರು ಅಂತ ಬರೆಸಿದ್ವಿ."

ಅವರು ದಿನಾ ದಾಟುವ ಜಾಗ ತೋರಿಸಿದರು. ಎದುರಿಗೆ ಹಾಲಿನ ಬೂತು. ಈ ಕಡೆ ಟ್ರಾನ್ಸ್‌ಫಾರ್ಮರ್, ಅದಕ್ಕೆ ತಾಗಿ ಒಂದು ದೊಡ್ಡ ಕಾರು, ಮೇಲೆ ಬಾಗಿದ ಹೊಂಗೆ ಕೊಂಬೆ. ಅಲ್ಲಿ ನಿಂತು ಬಲಕ್ಕೆ ನೋಡಿದೆ. ಟೇಪ್ ಹಿಡಿದರೆ ರಸ್ತೆ ಕಾಣುವುದು 12 ಮೀಟರ್ ಮಾತ್ರ. ಪಕ್ಕದಲ್ಲಿ ಎರಡನೇ ಕ್ಲಾಸಿನ ಹುಡುಗ ಬ್ಯಾಗು ಹಾಕಿಕೊಂಡು ವ್ಯಾನಿಗೆ ಕಾಯುತ್ತಿದ್ದ. ಅವನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತೆ. ಕಂಡಿದ್ದು ಕಾರಿನ ಬಾಗಿಲ ಹಿಡಿ, ಒಂದು ಚಕ್ರ, ಅಷ್ಟೇ.

36 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 10 ಮೀಟರ್. 12 ಮೀಟರ್ ದೂರದಲ್ಲಿ ಕಂಡ ಗಾಡಿ ಒಂದೂಕಾಲು ಸೆಕೆಂಡಿಗೆ ಎದುರಿಗಿರುತ್ತದೆ. ಚಾಲಕ ನೋಡಿ, ತಿಳಿದು, ಬ್ರೇಕ್ ಒತ್ತುವುದಕ್ಕೆ ರಸ್ತೆ ವಿನ್ಯಾಸದಲ್ಲಿ ನಾವು ಹಿಡಿಯುವ ಲೆಕ್ಕ ಎರಡೂವರೆ ಸೆಕೆಂಡ್. ಅಷ್ಟರಲ್ಲೇ ಗಾಡಿ 25 ಮೀಟರ್ ಬಂದಿರುತ್ತದೆ. 30 ಕಿ.ಮೀ. ವೇಗಕ್ಕೇ ಕನಿಷ್ಠ 30 ಮೀಟರ್ ಕಾಣಬೇಕು, 40ಕ್ಕೆ 45. ಇದನ್ನೆಲ್ಲ ನಾನು ಕಾಲೇಜಿನಲ್ಲೇ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ.

ಬೀದಿಯವರ ಭಯ ಸರಿ ಇತ್ತು. ಅದಕ್ಕೆ ಅವರು ಹುಡುಕಿದ ಪದ "ವೇಗ", ಹುಡುಕಿದ ಮದ್ದು "ಹಂಪ್". ನಾನು ಪದಕ್ಕೆ ಉತ್ತರ ಬರೆದು, ಮದ್ದು ಬೇಡ ಅಂತ ಫೈಲ್ ಮುಚ್ಚಿದ್ದೆ. ನಮ್ಮಲ್ಲಿ ಫೈಲಿಗೆ ನಂಬರ್ ಬೀಳುವುದೇ ವಿಷಯದ ಸಾಲಿನ ಮೇಲೆ. ಒಳಗಿನ ಸಾಲುಗಳನ್ನು ಓದುವ ಅಭ್ಯಾಸ ಸುಮ್ನೆ ತಪ್ಪಿಹೋಗುತ್ತದೆ. ಈಗ ಅರ್ಜಿ ತಂದವರನ್ನು ಮೊದಲು ಕೇಳುವುದು, ನೀವು ಎಲ್ಲಿ ನಿಂತಾಗ, ಎಷ್ಟು ಹೊತ್ತಿಗೆ ಭಯ ಆಗುತ್ತದೆ ಅಂತ. ಆ ಹೊತ್ತಿಗೇ ಹೋಗುತ್ತೇನೆ.

ಆ ದೊಡ್ಡ ಕಾರು ಯಾರದ್ದು ಅಂತ ವಿಚಾರಿಸಿದೆ. ಅರ್ಜಿಯ ಮೊದಲ ಸಹಿಯವರದ್ದು. ಬ್ಯಾಂಕಿನಿಂದ ನಿವೃತ್ತರಾದವರು, ಒಳ್ಳೇ ಮನುಷ್ಯ. "ನನ್ನ ಮನೆ ಮುಂದೆ ನನ್ನ ಕಾರು ನಿಲ್ಲಿಸೋದೂ ತಪ್ಪಾ ಸಾರ್?" ಅಂದರು. ಅವರಿಗೆ ಮಂಡಿನೋವು, ಕೂತು ನೋಡಿ ಅನ್ನುವ ಹಾಗಿಲ್ಲ. ಹುಡುಗನ ಎತ್ತರದಿಂದ ಮೊಬೈಲಿನಲ್ಲಿ ತೆಗೆದಿದ್ದ ಫೋಟೋ ತೋರಿಸಿದೆ. ಕನ್ನಡಕ ಮೇಲೆತ್ತಿ ತುಂಬಾ ಹೊತ್ತು ನೋಡಿದರು. "ಇದು ನಮ್ ಕಾರಾ?" ಅಂದರು. ಮಾರನೆಯ ದಿನ ಕಾರು ಕಾಂಪೌಂಡಿನ ಒಳಗಿತ್ತು.

ಉಳಿದದ್ದಕ್ಕೆ ಎರಡು ತಿಂಗಳು ಹಿಡಿಯಿತು. ಕಳ್ಳ ಹಂಪ್ ಕಿತ್ತೆವು. ಟ್ರಾಫಿಕ್ ಪೊಲೀಸರ ಜೊತೆ ಮಾತಾಡಿ ದಾಟುವ ಜಾಗದ ಎರಡೂ ಬದಿ ಪಾರ್ಕಿಂಗ್ ನಿಲ್ಲಿಸಿ ರಬ್ಬರ್ ಕಂಬ ನೆಟ್ಟೆವು. ಹೊಂಗೆಯ ಕೆಳಕೊಂಬೆ ಸವರಿಸಿದೆವು. ಟ್ರಾನ್ಸ್‌ಫಾರ್ಮರ್ ಅಲ್ಲೇ ಇದೆ, ಅದು ನನ್ನ ಕೈಯಲ್ಲಿಲ್ಲ. ಎಂಟೂಕಾಲಿನ ನುಗ್ಗಾಟವೂ ಇದ್ದೇ ಇದೆ. ಅದಕ್ಕೆ ಅಳತೆಯ ಪ್ರಕಾರ ಒಂದು ಹಂಪ್ ಬೇಕು ಅಂತ ನಾನೇ ಬರೆದಿದ್ದೇನೆ, ಟೆಂಡರ್ ಆಗಬೇಕು.

ಇವೆಲ್ಲ ಆದ ಮೇಲೆ ಒಂದು ಬೆಳಗ್ಗೆ ಮತ್ತೆ ಗೆರೆ ಎಳೆದು ಕೂತೆ. ಈಗ 34 ಮೀಟರ್ ಕಾಣುತ್ತದೆ. ವೇಗ ಮಾತ್ರ ಇದ್ದ ಹಾಗೇ ಇತ್ತು. ಅವೇ ಐದು, ಐದೂವರೆ ಸೆಕೆಂಡ್, ನಡುವೆ ಒಂದೆರಡು ನಾಲ್ಕು.

ಅಜ್ಜಿ ಹಾಲು ತಗೊಂಡು ಆ ಕಡೆಯಿಂದ ಬಂದರು. ನಿಂತರು, ಬಲಕ್ಕೆ ನೋಡಿದರು, ಒಂದು ಕ್ಯಾಬ್ ಹೋಗಲು ಬಿಟ್ಟು ದಾಟಿದರು.

"ಈಗ ಮೆತ್ತಗೆ ಬರ್ತಾವೆ ಕಣಪ್ಪ," ಅಂದರು.

ನಾನು ಸ್ಟಾಪ್‌ವಾಚ್ ಜೇಬಿಗೆ ಹಾಕಿಕೊಂಡೆ.