ಹೈದರಿ ನಾಣ್ಯದ ಹಿಂದಿನ ಒಡೆಯರು

ನನ್ನ ಸಂಗ್ರಹದಲ್ಲಿ ಟಿಪ್ಪು ಸುಲ್ತಾನನ ಎರಡು ರೂಪಾಯಿಯ ಬೆಳ್ಳಿ ನಾಣ್ಯ, ಅಂದರೆ ‘ಹೈದರಿ’, ಒಂದಿದೆ. ಶ್ರೀರಂಗಪಟ್ಟಣದ ಟಂಕಸಾಲೆಯ ಹೆಸರು ಅದರ ಮೇಲೆ ಪಾರಸಿ ಲಿಪಿಯಲ್ಲಿ ‘ಪಟ್ಟನ್’ ಎಂದಿದೆ. ಹನ್ನೆರಡು ವರ್ಷಗಳ ಹಿಂದೆ ಅದನ್ನು ಕೊಂಡಾಗ ಜೊತೆಗೆ ಒಂದು ಹಳದಿಗಟ್ಟಿದ ಲಕೋಟೆ ಬಂದಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಲಾಟ್ ಸಂಖ್ಯೆ (ಹರಾಜಿಗಿಟ್ಟ ವಸ್ತುವಿಗೆ ಕೊಡುವ ಕ್ರಮಾಂಕ), ‘350 ಗ್ರೇನ್’ ಎಂಬ ತೂಕ, ಇಷ್ಟೇ. ಯಾವ ಹರಾಜು, ಯಾವ ವರ್ಷ ಎಂಬುದರ ಸುಳಿವಿರಲಿಲ್ಲ.

ತೂಕವನ್ನು ಗ್ರೇನಿನಲ್ಲಿ ಬರೆದಿದ್ದರಿಂದ ಇದು ಇಂಗ್ಲೆಂಡಿನ ಹಳೆಯ ಹರಾಜಿಗೆ ಹೋಗಿಬಂದ ನಾಣ್ಯವಿರಬಹುದೆಂದು ಊಹಿಸಿದೆ. ಒಂದು ಗ್ರೇನ್ ಎಂದರೆ 0.0648 ಗ್ರಾಮ್; ನನ್ನ ತಕ್ಕಡಿ 22.66 ಗ್ರಾಮ್ ತೋರಿಸಿದ್ದು ಲಕೋಟೆಯ ಲೆಕ್ಕಕ್ಕೆ ಸರಿಹೊಂದುತ್ತಿತ್ತು. ಆದರೆ ತೂಕ ಹೊಂದಿದ ಮಾತ್ರಕ್ಕೆ ನಾಣ್ಯ ಅದೇ ಆಗಬೇಕಿಲ್ಲ. ಒಂದೇ ಅಚ್ಚಿನಿಂದ ಹಲವಾರು ನಾಣ್ಯಗಳನ್ನು ಹೊಡೆಯುತ್ತಿದ್ದುದರಿಂದ ಅಕ್ಷರಗಳ ಹೋಲಿಕೆಯೂ ಸಾಲದು. ಸುತ್ತಿಗೆಯಲ್ಲಿ ಹೊಡೆದ ನಾಣ್ಯದ ನಿಜವಾದ ಗುರುತು ಇರುವುದು ಬಿಲ್ಲೆಯ ಅಂಚಿನ ವಕ್ರತೆಯಲ್ಲಿ, ಅಚ್ಚು ಯಾವ ಕಡೆಗೆ ಸರಿದು ಬಿದ್ದಿದೆ ಎಂಬುದರಲ್ಲಿ, ಬೆಳ್ಳಿಯನ್ನು ಪರೀಕ್ಷಿಸಿದ ಶರಾಫರು ಒತ್ತಿದ ಚಿಕ್ಕ ಮುದ್ರೆಗಳಲ್ಲಿ. ಹಳೆಯ ಕ್ಯಾಟಲಾಗುಗಳಲ್ಲಿ ಎಷ್ಟೋ ಬಾರಿ ನಾಣ್ಯದ ಬದಲು ಅದರ ಪ್ಲಾಸ್ಟರ್ ಪಡಿಯಚ್ಚಿನ ಛಾಯಾಚಿತ್ರವನ್ನು ಮುದ್ರಿಸುತ್ತಿದ್ದರು. ಅದರಲ್ಲಿ ಬೆಳ್ಳಿಯ ಬಣ್ಣ ಕಾಣದಿದ್ದರೂ ಅಂಚಿನ ರೇಖೆ ಮಾತ್ರ ಆಶ್ಚರ್ಯವಾಗುವಷ್ಟು ಸ್ಪಷ್ಟವಾಗಿ ಉಳಿಯುತ್ತದೆ.

ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯವು ಅಂತರ್ಜಾಲಕ್ಕೆ ಏರಿಸಿರುವ ಹಳೆಯ ಹರಾಜು ಪಟ್ಟಿಗಳನ್ನೂ, ಗೆಳೆಯರು ಕಳುಹಿಸಿದ ಲಂಡನ್ನಿನ ಪಟ್ಟಿಗಳ ಪ್ರತಿಗಳನ್ನೂ ಎರಡು ಮಳೆಗಾಲ ತಿರುವಿಹಾಕಿದೆ. ನಾನು ಹುಡುಕುತ್ತಿದ್ದದ್ದು 1788ರ ಸುಮಾರಿನ ಹೈದರಿಯನ್ನು, ಏಕೆಂದರೆ ನಾಣ್ಯದ ಮೇಲಿರುವುದು ಟಿಪ್ಪು ಜಾರಿಗೆ ತಂದ, ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆಯ 1216, ಅದೂ ಬಲದಿಂದ ಎಡಕ್ಕೆ ಓದಬೇಕಾದ ಅಂಕಿಗಳಲ್ಲಿ. ಹೆಂಡರ್ಸನ್ ಅವರು 1921ರಲ್ಲಿ ಮದರಾಸಿನಿಂದ ಪ್ರಕಟಿಸಿದ ಹೈದರ್–ಟಿಪ್ಪು ನಾಣ್ಯಗಳ ಕ್ಯಾಟಲಾಗನ್ನು ಪಕ್ಕದಲ್ಲಿಟ್ಟುಕೊಂಡವರು ಇಲ್ಲಿ ತಪ್ಪುವುದಿಲ್ಲ. ನಾನು ಎರಡು ಸಲ ಮಗುಚಿಹಾಕಿದ್ದ ಒಂದು ಪಟ್ಟಿಯವರು ಮಾತ್ರ ಅದನ್ನು ಹಿಜರಿ ವರ್ಷವೆಂದು ಭಾವಿಸಿ 1801 ಎಂದು ಅಚ್ಚು ಹಾಕಿದ್ದರು. ಟಿಪ್ಪು ಮಡಿದದ್ದು 1799ರಲ್ಲಿ! ಸತ್ತು ಎರಡು ವರ್ಷವಾದ ಸುಲ್ತಾನನ ನಾಣ್ಯವನ್ನು ನೋಡಿ ನಕ್ಕು ಪುಟ ತಿರುಗಿಸುವಷ್ಟರಲ್ಲಿ ನನ್ನ ಲಕೋಟೆಯ ಮೇಲಿದ್ದ ಅದೇ ಲಾಟ್ ಸಂಖ್ಯೆ ಕಣ್ಣಿಗೆ ಬಿತ್ತು.

ಚಿತ್ರಫಲಕದಲ್ಲಿ ನನ್ನ ನಾಣ್ಯದಲ್ಲಿರುವ ಎಡ ಅಂಚಿನ ಸೀಳು, ಕೆಳಗಿನ ಅರ್ಧಚಂದ್ರಾಕಾರದ ಶರಾಫ್ ಮುದ್ರೆ, ಎರಡೂ ಇದ್ದವು. ಪಟ್ಟಿ 1930ರ ದಶಕದ್ದು. ಅದರ ಅಂಚಿನಲ್ಲಿ ಯಾರೋ ಬೆಲೆಯನ್ನೂ ಕೊಂಡವರ ಹೆಸರಿನ ಮೊದಲಕ್ಷರಗಳನ್ನೂ ಬರೆದಿದ್ದರು. ಆ ಅಕ್ಷರಗಳಿಗೆ ಒಬ್ಬ ಪ್ರಸಿದ್ಧ ಸಂಗ್ರಾಹಕನ ಹೆಸರನ್ನು ಹೊಂದಿಸಲು ಕೈ ತುರಿಸಿತೆಂದು ಒಪ್ಪಿಕೊಳ್ಳುತ್ತೇನೆ. ಸೀಸರನ ಕೊಲೆಯನ್ನು ಸಾರಲು ಬ್ರೂಟಸ್ ಹೊಡೆಸಿದ ಚಿನ್ನದ ನಾಣ್ಯವೊಂದು 2020ರಲ್ಲಿ ಲಂಡನ್ನಿನಲ್ಲಿ 32.4 ಲಕ್ಷ ಪೌಂಡಿಗೆ ಹರಾಜಾಗಿ, ಅದಕ್ಕೆ ಕಟ್ಟಿದ್ದ ಒಡೆತನದ ಇತಿಹಾಸ ಸುಳ್ಳೆಂದು ಬಯಲಾದ ಮೇಲೆ 2023ರಲ್ಲಿ ಗ್ರೀಸಿಗೆ ಮರಳಿದ್ದು ನೆನಪಾಗಿ ಕೈ ಹಿಂದೆಗೆದೆ.

ಈಗ ಲಕೋಟೆಯ ಹಿಂಬದಿಯಲ್ಲಿ ಆ ಪಟ್ಟಿಯ ದಿನಾಂಕವನ್ನೂ ಫಲಕದ ಸಂಖ್ಯೆಯನ್ನೂ ಬರೆದಿದ್ದೇನೆ. ಅದರ ಕೆಳಗೆ, ನಾನು ಕೊಂಡ ವರ್ಷದವರೆಗಿನ ಸಾಲುಗಳನ್ನು ಖಾಲಿ ಬಿಟ್ಟಿದ್ದೇನೆ.