ಕನ್ನಡಿ ಮುಖವಾಡದ ಹಿಂದೆ

ಪುಣೆ, 17 ಆಗಸ್ಟ್ 2025, ಭಾನುವಾರ

ಡಿಸ್ನಿ ಸಂಸ್ಥೆ 1979ರ ಡಿಸೆಂಬರಿನಲ್ಲಿ ತೆರೆಗೆ ತಂದ ‘ದಿ ಬ್ಲ್ಯಾಕ್ ಹೋಲ್’ ಚಿತ್ರವನ್ನು ನಿನ್ನೆ ರಾತ್ರಿ ಮಗಳ ಜೊತೆ ಕುಳಿತು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಮಕ್ಕಳ ಚಿತ್ರಗಳ ಮಾತು ಬಂದಾಗ ಇದರ ಹೆಸರನ್ನು ಯಾರೂ ಎತ್ತುವುದಿಲ್ಲ. ಬಾಹ್ಯಾಕಾಶದ ಚಿತ್ರಗಳ ಮಾತು ಬಂದಾಗಲೂ 1977ರ ‘ಸ್ಟಾರ್ ವಾರ್ಸ್’ ಹಾಗೂ ಅದರ ಮುಂದಿನ ಭಾಗಗಳನ್ನು ನೆನೆದು, ನಡುವೆ ಬಂದುಹೋದ ಇದನ್ನು ದಾಟಿಬಿಡುತ್ತಾರೆ. ಬಾಲ್ಯದಲ್ಲಿ ನಾನು ಕಂಡ ಚಿತ್ರಗಳಲ್ಲೆಲ್ಲ ಇದೇ ಅತ್ಯಂತ ಗಂಭೀರವಾದದ್ದು ಎಂಬ ಅಭಿಪ್ರಾಯ ನನ್ನಲ್ಲಿ ಬಹುಕಾಲದಿಂದ ಇತ್ತು. ನಿನ್ನೆ ಅದು ಇನ್ನಷ್ಟು ಗಟ್ಟಿಯಾಯಿತು.

ನಾವು ಇದನ್ನು ಮೊದಲು ನೋಡಿದ್ದು ಇಲ್ಲೇ ಪುಣೆಯ ಖಡಕಿಯಲ್ಲಿ, ಕಾಕಾ ಅವರ ಕ್ವಾರ್ಟರ್ಸಿನಲ್ಲಿ. ಎಂಬತ್ತರ ದಶಕದಲ್ಲಿ ಹಬ್ಬ ಹುಣ್ಣಿಮೆಗೆ ಎರಡು ಮೂರು ಮನೆಯವರು ದುಡ್ಡು ಕೂಡಿಸಿ ಒಂದು ರಾತ್ರಿಯ ಮಟ್ಟಿಗೆ ವಿಸಿಆರ್ ಮತ್ತು ಕಲರ್ ಟಿವಿಯನ್ನು ಬಾಡಿಗೆಗೆ ತರುವ ರೂಢಿಯಿತ್ತು. ಡಾ. ರಾಜ್‌ಕುಮಾರ್ ಅವರ ಚಿತ್ರ ಮುಗಿಯುವಷ್ಟರಲ್ಲಿ ಹಿರಿಯರಿಗೆ ನಿದ್ದೆ ಬಂದಿತ್ತು. ಉಳಿದ ಕ್ಯಾಸೆಟ್ಟಿನ ಮೇಲೆ ಡಿಸ್ನಿ ಎಂಬ ಹೆಸರು ಇದ್ದುದರಿಂದ ಅದು ಹುಡುಗರ ಪಾಲೆಂದು ನಿಶ್ಚಯಿಸಿ ಅವರು ಒಳಗೆ ಹೋಗಿ ಮಲಗಿದರು. ಅಣ್ಣನೂ ನಾನೂ ಕಾಕಾ ಅವರ ಮಕ್ಕಳೂ ಕತ್ತಲಲ್ಲಿ ಚಾಪೆಯ ಮೇಲೆ ಕುಳಿತು ನೋಡಿದೆವು. ಇಂಗ್ಲಿಷ್ ಸಂಭಾಷಣೆ ನಮಗೆ ಅರ್ಧ ಕೂಡ ತಿಳಿಯುತ್ತಿರಲಿಲ್ಲ. ಆದರೂ ಆ ಹಡಗಿನಲ್ಲಿ ಏನು ನಡೆದುಹೋಗಿದೆ ಎಂಬುದು ನಮ್ಮೆಲ್ಲರಿಗೂ ತಿಳಿದಿತ್ತು.

ಕಥೆ ಸರಳವಾದದ್ದು. ಬಾಹ್ಯಾಕಾಶದಲ್ಲಿ ಜೀವವನ್ನು ಹುಡುಕಲು ಹೊರಟ ಪ್ಯಾಲೊಮಿನೊ ಎಂಬ ಸಣ್ಣ ನೌಕೆ ಮನೆಯತ್ತ ಮರಳುವಾಗ ಒಂದು ಕಪ್ಪುರಂಧ್ರದ ಸಮೀಪಕ್ಕೆ ಬರುತ್ತದೆ. ಅದರ ಅಂಚಿನಲ್ಲಿ, ಎಲ್ಲವನ್ನೂ ಎಳೆದುಕೊಳ್ಳುವ ಆ ಸೆಳೆತಕ್ಕೆ ಸಿಗದೆ, ಇಪ್ಪತ್ತು ವರ್ಷಗಳ ಹಿಂದೆ ಕಾಣೆಯಾದ ಸಿಗ್ನಸ್ ಎಂಬ ಮಹಾನೌಕೆ ಅಲುಗಾಡದೆ ನಿಂತಿದೆ. ಒಂದೂ ದೀಪವಿಲ್ಲದ ಕಬ್ಬಿಣದ ಹಂದರದಂತೆ ಕಾಣುವ ಆ ನೌಕೆ ಒಮ್ಮೆಲೇ ಈ ತುದಿಯಿಂದ ಆ ತುದಿಯವರೆಗೆ ಹೊಂಬಣ್ಣದಲ್ಲಿ ಬೆಳಗಿಕೊಳ್ಳುವ ದೃಶ್ಯ ಇಂದಿಗೂ ಎದೆಯನ್ನು ಝಲ್ಲೆನಿಸುತ್ತದೆ. ಒಳಗೆ ಇರುವ ಮನುಷ್ಯ ಒಬ್ಬನೇ, ಡಾ. ಹಾನ್ಸ್ ರೈನ್‌ಹಾರ್ಟ್. ಸಿಬ್ಬಂದಿಯೆಲ್ಲ ಭೂಮಿಗೆ ಮರಳಿದರೆಂದೂ, ತಾನು ಯಂತ್ರಮಾನವರನ್ನು ನಿರ್ಮಿಸಿಕೊಂಡು ಕೆಲಸ ಮುಂದುವರಿಸಿರುವೆನೆಂದೂ ಅವನು ಹೇಳುತ್ತಾನೆ. ಕಪ್ಪು ನಿಲುವಂಗಿ ತೊಟ್ಟು, ಮುಖದ ಜಾಗದಲ್ಲಿ ಕನ್ನಡಿಯಂಥ ಫಲಕವಿರುವ ಆಕೃತಿಗಳು ಸಾಲುಸಾಲಾಗಿ ಕುಳಿತು ಮೌನವಾಗಿ ಯಂತ್ರಗಳನ್ನು ನಡೆಸುತ್ತಿರುತ್ತವೆ.

ನಿರ್ದೇಶಕ ಗ್ಯಾರಿ ನೆಲ್ಸನ್ ಅವರು ಸತ್ಯವನ್ನು ಬಿಟ್ಟುಕೊಡುವ ರೀತಿ ನಿನ್ನೆ ನನಗೆ ಬಹಳ ಮೆಚ್ಚುಗೆಯಾಯಿತು. ಪ್ಯಾಲೊಮಿನೊದ ನಾಯಕ ಹಾಲಂಡ್ ಸಿಗ್ನಸ್‌ನಲ್ಲಿ ಒಂಟಿಯಾಗಿ ಅಡ್ಡಾಡುವಾಗ, ಈ ಆಕೃತಿಗಳು ತಮ್ಮಲ್ಲೊಬ್ಬರ ಶವಸಂಸ್ಕಾರ ನಡೆಸುವುದನ್ನು ಮರೆಯಿಂದ ನೋಡುತ್ತಾನೆ. ಯಂತ್ರಗಳು ಯಂತ್ರಕ್ಕೆ ಅಂತ್ಯಕ್ರಿಯೆ ಮಾಡುವುದೇಕೆ? ಪತ್ರಕರ್ತ ಬೂತ್ ತೋಟದಲ್ಲಿ ಒಂದು ಆಕೃತಿ ಕುಂಟುತ್ತ ಕೆಲಸ ಮಾಡುವುದನ್ನು ಕಾಣುತ್ತಾನೆ. ಒಬ್ಬನೇ ಮನುಷ್ಯನ ಹೊಟ್ಟೆಗೆ ಇಷ್ಟು ದೊಡ್ಡ ತೋಟ ಏಕೆ ಬೇಕೆಂಬ ಪ್ರಶ್ನೆ ಅವನಿಗೆ ಹುಟ್ಟುತ್ತದೆ. ಇವೆರಡನ್ನೂ ಚಿತ್ರ ಕೂಗಿ ಹೇಳುವುದಿಲ್ಲ. ಚಾಪೆಯ ಮೇಲೆ ಕುಳಿತ ಹುಡುಗರಿಗೆ ಅಷ್ಟೇ ಸಾಕಾಗಿತ್ತು. ತೋಟದ ದೃಶ್ಯ ಬಂದಾಗ ಅಣ್ಣ ನನ್ನ ಕೈ ಹಿಡಿದು, “ಅವು ಮಷೀನ್ ಅಲ್ಲ, ಮಂದಿ ಅದಾರ” ಎಂದು ಮೆಲ್ಲಗೆ ಹೇಳಿದ. ನಿನ್ನೆ ಅದೇ ಜಾಗದಲ್ಲಿ ನನ್ನ ಮಗಳು ಮೊಬೈಲನ್ನು ಕೆಳಗಿಟ್ಟು ನೆಟ್ಟಗೆ ಕುಳಿತಳು.

ಆಮೇಲೆ ಬರುವುದು ಡ್ಯೂರಾಂಟ್ ದೃಶ್ಯ. ರೈನ್‌ಹಾರ್ಟನ ಪ್ರತಿಭೆಗೆ ಮರುಳಾಗಿ, ಅವನ ಜೊತೆ ಕಪ್ಪುರಂಧ್ರದೊಳಗೆ ಹೋಗಲು ಸಹ ಒಪ್ಪಿದ್ದ ವಿಜ್ಞಾನಿ ಅಲೆಕ್ಸ್ ಡ್ಯೂರಾಂಟ್‌ಗೆ ಸತ್ಯದ ಸುಳಿವು ಸಿಗುತ್ತದೆ. ಪಕ್ಕದಲ್ಲಿ ಕುಳಿತ ಆಕೃತಿಯೊಂದರ ಕನ್ನಡಿ ಮುಖವಾಡವನ್ನು ಅವನು ಕೈಯಾರೆ ತೆಗೆಯುತ್ತಾನೆ. ಒಳಗಿರುವುದು ಬಣ್ಣಗೆಟ್ಟ, ಕಣ್ಣುಗಳಲ್ಲಿ ಯಾವ ಗುರುತೂ ಇಲ್ಲದ ಒಂದು ಮನುಷ್ಯಮುಖ. ಭೂಮಿಗೆ ಮರಳುವ ಆಜ್ಞೆಯನ್ನು ರೈನ್‌ಹಾರ್ಟ್ ಮೀರಿದಾಗ ಸಿಬ್ಬಂದಿ ತಿರುಗಿಬಿದ್ದರು. ಅವನು ಅವರ ಮುಂದಾಳನ್ನು ಕೊಂದು, ಉಳಿದವರ ಮಿದುಳಿನಿಂದ ಇಚ್ಛಾಶಕ್ತಿಯನ್ನು ಅಳಿಸಿ ದುಡಿಮೆಗೆ ಹಚ್ಚಿದ. ಮುಖವಾಡ ತೆಗೆದ ಮರುಕ್ಷಣವೇ ಮ್ಯಾಕ್ಸಿಮಿಲಿಯನ್ ಎಂಬ ಕೆಂಪು ಯಂತ್ರ ಸುತ್ತುವ ಅಲಗುಗಳೊಂದಿಗೆ ಡ್ಯೂರಾಂಟ್‌ನ ಮೇಲೆ ಏರಿಬರುತ್ತದೆ. ಅವನು ರಕ್ಷಣೆಗೆಂದು ಅಡ್ಡ ಹಿಡಿದ ಪುಸ್ತಕವನ್ನು ಕೊರೆದುಕೊಂಡು ಅಲಗು ಎದೆಗೆ ಇಳಿಯುತ್ತದೆ. ಪರದೆಯ ಮೇಲೆ ರಕ್ತ ಕಾಣುವುದಿಲ್ಲ. ಹಾರಿಬರುವ ಕಾಗದದ ಚೂರುಗಳನ್ನು ನಾನು ಇಷ್ಟು ವರ್ಷ ಮರೆತಿರಲಿಲ್ಲ.

ಇದರ ಬೆನ್ನಿಗೇ ಬರುವ ಒಂದು ಮಾತು ಮಕ್ಕಳಾಗಿದ್ದಾಗ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಡ್ಯೂರಾಂಟ್ ಸತ್ತ ಕೂಡಲೇ ರೈನ್‌ಹಾರ್ಟ್ ಕೇಟ್ ಎಂಬ ವಿಜ್ಞಾನಿಯ ಬಳಿ ಸರಿದು, ಮ್ಯಾಕ್ಸಿಮಿಲಿಯನ್‌ನಿಂದ ತನ್ನನ್ನು ಕಾಪಾಡೆಂದು ಪಿಸುಗುಟ್ಟುತ್ತಾನೆ. ಕೊಲೆಯಾದ ಆ ಮುಂದಾಳು ಇದೇ ಕೇಟ್‌ಳ ತಂದೆ. ತಾನು ಕಟ್ಟಿದ ಯಂತ್ರ ಇನ್ನು ತನ್ನ ಅಂಕೆಯಲ್ಲಿಲ್ಲ ಎಂಬುದು ಅವನಿಗೆ ಗೊತ್ತಿದೆ; ಗೊತ್ತಿದ್ದೂ ಮರುಗಳಿಗೆಯಲ್ಲಿ ಹಳೆಯ ಗತ್ತಿಗೆ ಮರಳಿ, ಕೇಟ್‌ಳನ್ನೂ ಅದೇ ಶಸ್ತ್ರಕ್ರಿಯೆಗೆ ಕಳಿಸುತ್ತಾನೆ. ರೈನ್‌ಹಾರ್ಟ್ ಆಗಿ ನಟಿಸಿದ ಮ್ಯಾಕ್ಸಿಮಿಲಿಯನ್ ಷೆಲ್ ಅವರು ಇಡೀ ಪಾತ್ರವನ್ನು ಆ ಒಂದು ಪಿಸುಮಾತಿನ ಮೇಲೆ ನಿಲ್ಲಿಸಿದ್ದಾರೆ ಎಂದು ನನಗೆ ಅನಿಸುತ್ತದೆ. ನಟನ ಹೆಸರೂ ಯಂತ್ರದ ಹೆಸರೂ ಒಂದೇ ಆಗಿರುವುದು ನೋಡುವವರ ಮನಸ್ಸಿನಲ್ಲಿ ಇಬ್ಬರನ್ನೂ ಇನ್ನಷ್ಟು ಹತ್ತಿರ ತರುತ್ತದೆ.

ಚಿತ್ರದ ಕೊನೆಯ ಭಾಗದಲ್ಲಿ ನೌಕೆ ಒಡೆಯತೊಡಗಿದಾಗ ಒಂದು ಭಾರಿ ಪರದೆ ಕುಸಿದು ರೈನ್‌ಹಾರ್ಟ್ ಅದರಡಿ ಸಿಕ್ಕಿಕೊಳ್ಳುತ್ತಾನೆ. ಸಹಾಯಕ್ಕಾಗಿ ಕೂಗುತ್ತಾನೆ. ಸುತ್ತ ಇರುವ ಅಷ್ಟೂ ಜನ, ಒಂದು ಕಾಲಕ್ಕೆ ಅವನ ಜೊತೆ ಉಂಡು ದುಡಿದವರು, ಅಲುಗದೆ ನಿಂತಿರುತ್ತಾರೆ. ಅದು ಸೇಡಲ್ಲ; ಸೇಡಿಗೆ ಬೇಕಾದ ಮನಸ್ಸನ್ನೇ ಅವನು ಅವರಿಂದ ಕಿತ್ತುಕೊಂಡಿದ್ದಾನೆ. ಕೂಗಿಗೆ ಓಗೊಡುವ ಶಕ್ತಿಯನ್ನು ಜನರಿಂದ ಕಿತ್ತವನು ತನ್ನ ಕೂಗಿಗೆ ಉತ್ತರ ಸಿಗದೆ ಸಾಯುತ್ತಾನೆ. ಇಷ್ಟು ಕಟುವಾದ ನ್ಯಾಯವನ್ನು ಒಂದು ಕೌಟುಂಬಿಕ ಚಿತ್ರದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಆಶ್ಚರ್ಯವೆಂದರೆ, ಇದನ್ನು ವಿವರಿಸುವ ಒಂದು ಮಾತೂ ಅಲ್ಲಿಲ್ಲ. ಹೆಸರಿನಲ್ಲಿ ಕಪ್ಪುರಂಧ್ರ ಇದ್ದರೂ ಈ ಚಿತ್ರದ ಭಯ ಅದರದಲ್ಲ. ಒಬ್ಬ ದೊಡ್ಡ ವಿದ್ವಾಂಸ ತನ್ನ ಗುರಿಗಾಗಿ ಸಹೋದ್ಯೋಗಿಗಳನ್ನು ಸಾಮಾನಿನಂತೆ ಬಳಸಬಲ್ಲ, ಬಳಸಿದ ಮೇಲೆ ಅವರನ್ನು ಮೊದಲಿನಂತೆ ಮಾಡಲು ಯಾರಿಂದಲೂ ಆಗದು ಎಂಬ ಭಯ. ಚಿಕ್ಕವಳಿದ್ದಾಗ ನಾನು ಅಣ್ಣನನ್ನು “ಅವರನ್ನ ಯಾರೂ ಬಿಡಿಸಿಕೊಂಡು ಬರಂಗಿಲ್ಲೇನು?” ಎಂದು ಕೇಳಿದ್ದೆ. ಚಿತ್ರ ಅವರನ್ನು ಬಿಡಿಸುವುದಿಲ್ಲ. ಮಕ್ಕಳು ಇದನ್ನು ತಾಳಿಕೊಳ್ಳಬಲ್ಲರು ಎಂದು ನಂಬಿದ ಆ ಧೈರ್ಯಕ್ಕಾಗಿಯೇ ನಾನು ಈ ಚಿತ್ರವನ್ನು ಗೌರವಿಸುತ್ತೇನೆ.

ಧೈರ್ಯ ಎಂಬ ಮಾತಿಗೆ ಹೊರಗಿನ ಆಧಾರವೂ ಇದೆ. ಎಲ್ಲ ವಯಸ್ಸಿನವರೂ ನಿಶ್ಚಿಂತೆಯಿಂದ ನೋಡಬಹುದಾದ ಚಿತ್ರಗಳಿಗೆ ಹೆಸರಾದ ಡಿಸ್ನಿ ತಯಾರಿಸಿದ ಚಿತ್ರಗಳಲ್ಲಿ, ಮಕ್ಕಳ ಜೊತೆ ಪಾಲಕರಿರುವುದು ಒಳ್ಳೆಯದೆಂದು ಸೂಚಿಸುವ ಪಿಜಿ ಪ್ರಮಾಣಪತ್ರ ಪಡೆದದ್ದು ಇದೇ ಮೊದಲು. ಸುಮಾರು 2 ಕೋಟಿ ಡಾಲರ್ ಖರ್ಚು ಮಾಡಿ ತೆಗೆದ ಇದು ಅಮೆರಿಕದಲ್ಲಿ ಬಿಡುಗಡೆಯಾದದ್ದು ಡಿಸೆಂಬರ್ 21ರಂದು. ಎರಡು ವಾರ ಮೊದಲು, ಡಿಸೆಂಬರ್ 7ರಂದು, ‘ಸ್ಟಾರ್ ಟ್ರೆಕ್’ನ ಮೊದಲ ಚಲನಚಿತ್ರ ತೆರೆಕಂಡಿತ್ತು. ಚಿಕ್ಕ ಮಕ್ಕಳ ತಾಯ್ತಂದೆಯರಿಗೆ ಇದು ವಿಪರೀತ ಕತ್ತಲೆಯದಾಗಿ ಕಂಡಿರಬೇಕು, ದೊಡ್ಡವರಿಗೆ ಗೋಲಿಕಣ್ಣಿನ ಪುಟ್ಟ ರೋಬೋಟುಗಳು ಬಾಲಿಶವಾಗಿ ಕಂಡಿರಬೇಕು. ಆ ರೋಬೋಟುಗಳ ವಿಷಯದಲ್ಲಿ ನನಗೂ ಸಮಾಧಾನವಿಲ್ಲ. ವಿನ್ಸೆಂಟ್ ಎಂಬ ರೋಬೋಟಿನ ಗಾದೆಮಾತುಗಳು ಗಂಭೀರ ದೃಶ್ಯಗಳ ನಡುವೆ ತೊಡರುತ್ತವೆ. ಆದರೆ ಜಜ್ಜಿಹೋದ ಮೈಯ ಮುದಿ ರೋಬೋಟ್ ಬಾಬ್ ಬೇರೆಯ ಮಾತು. ಸಿಬ್ಬಂದಿಗೆ ಏನಾಯಿತೆಂಬ ಕಥೆಯನ್ನು ಹೇಳುವುದು ಅದೇ. ಇಡೀ ನೌಕೆಯಲ್ಲಿ ನೆನಪು ಉಳಿದಿರುವ ಸಾಕ್ಷಿ ಒಂದು ಯಂತ್ರ, ಮನುಷ್ಯರಿಗೆ ನೆನಪಿಲ್ಲ.

ಕಣ್ಣಿಗೂ ಕಿವಿಗೂ ಇದು ಹಬ್ಬ. 1964ರ ‘ಮೇರಿ ಪಾಪಿನ್ಸ್’ ಚಿತ್ರದ ವಿಶೇಷ ದೃಶ್ಯಗಳಿಗೆ ಆಸ್ಕರ್ ಪಡೆದ ಪೀಟರ್ ಎಲೆನ್‌ಷಾ ಅವರು ಇಲ್ಲಿನ ನಿರ್ಮಾಣ ವಿನ್ಯಾಸಕರು. ಚಿತ್ರ ಛಾಯಾಗ್ರಹಣಕ್ಕೂ ದೃಶ್ಯಪರಿಣಾಮಕ್ಕೂ ಆಸ್ಕರ್ ನಾಮನಿರ್ದೇಶನ ಪಡೆಯಿತು. ಜಾನ್ ಬ್ಯಾರಿ ಅವರ ಸಂಗೀತದ ಮುಖ್ಯ ರಾಗ ಒಂದೇ ಜಾಗದಲ್ಲಿ ಸುತ್ತುತ್ತ, ಸುತ್ತಿದಷ್ಟೂ ಆಳಕ್ಕೆ ಇಳಿಯುತ್ತದೆ. ಮಗಳು ಕೀಬೋರ್ಡ್ ಕಲಿಯುತ್ತಿರುವುದರಿಂದ ಇಂದು ಬೆಳಿಗ್ಗೆ ಅದನ್ನು ಹಿಡಿಯಲು ಕುಳಿತಿದ್ದಳು.

ವಿಜ್ಞಾನದ ವಿಷಯದಲ್ಲಿ ಚಿತ್ರವನ್ನು ಸಮರ್ಥಿಸಲಾಗದು. ತೋಟದ ಗಾಜು ಒಡೆದು ಒಳಗಿನ ಗಾಳಿಯೆಲ್ಲ ಹೊರಗೆ ನುಗ್ಗುವಾಗಲೂ ಜನ ಉಸಿರಾಡುತ್ತ ಓಡುತ್ತಾರೆ. ಉಲ್ಕೆಗಳು ಕೆಂಡದಂತೆ ಉರಿಯುತ್ತ ಉರುಳಿಬರುತ್ತವೆ. ಮಗಳು ಇವನ್ನೆಲ್ಲ ಒಂದೊಂದಾಗಿ ಹಿಡಿದು ತೋರಿಸಿದಳು. ಅವಳಿಗೆ ಈ ಚುರುಕು ಬಂದದ್ದು ಪುಣೆಯ ಗಣೇಶಖಿಂಡದಲ್ಲಿರುವ ಖಗೋಳವಿಜ್ಞಾನ ಸಂಸ್ಥೆ ಅಯುಕಾದಿಂದ. ಫೆಬ್ರುವರಿ 28ರ ವಿಜ್ಞಾನ ದಿನದಂದು ಆ ಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ತೆರೆದಾಗಲೆಲ್ಲ ನಾವು ಹೋಗುತ್ತೇವೆ. ಅದನ್ನು ಕಟ್ಟಿ ಬೆಳೆಸಿದ ಜಯಂತ ನಾರ್ಳೀಕರ್ ಅವರು ಇದೇ ಮೇ ತಿಂಗಳಲ್ಲಿ ತೀರಿಕೊಂಡರು. ಅವರು ಮರಾಠಿಯಲ್ಲಿ ವೈಜ್ಞಾನಿಕ ಕಥೆಗಳನ್ನು ಬರೆದವರೂ ಹೌದು.

ನಿನ್ನೆ ನಾನು ಅವಳಿಗೆ ಹೇಳಿದ್ದು ಮಾತ್ರ ನಮ್ಮವರೇ ಆದ ಸಿ. ವಿ. ವಿಶ್ವೇಶ್ವರ ಅವರ ವಿಷಯ. ಬೆಂಗಳೂರಿನಲ್ಲಿ ಹುಟ್ಟಿದ ಅವರು, ಈ ಚಿತ್ರಕ್ಕಿಂತ ಒಂಬತ್ತು ವರ್ಷ ಮೊದಲು, 1970ರಲ್ಲಿ, ಕಪ್ಪುರಂಧ್ರವನ್ನು ಗುರುತ್ವದ ಅಲೆಗಳಿಂದ ತಟ್ಟಿದರೆ ಅದು ಗಂಟೆಯಂತೆ ಮಿಡಿದು ಕ್ರಮೇಣ ಶಾಂತವಾಗುತ್ತದೆಂದು ಲೆಕ್ಕ ಹಾಕಿ ತೋರಿಸಿದ್ದರು. ಆ ಮಿಡಿತದ ಗುರುತು 2015ರ ಸೆಪ್ಟೆಂಬರ್ 14ರಂದು, ಗುರುತ್ವದ ಅಲೆಗಳನ್ನು ಹಿಡಿಯಲೆಂದೇ ಅಮೆರಿಕದಲ್ಲಿ ಕಟ್ಟಿದ ಲೈಗೊ ಉಪಕರಣಗಳಿಗೆ ಸಿಕ್ಕ ಸಂಕೇತದಲ್ಲಿ ಕಂಡಿತು. ವಿಶ್ವೇಶ್ವರ ಅವರು ಅದನ್ನು ನೋಡಿ 2017ರಲ್ಲಿ ಕಣ್ಣುಮುಚ್ಚಿದರು. ಅಂಥ ಅಲೆಗಳನ್ನು ಗದ್ದಲದ ನಡುವೆ ಹೆಕ್ಕಿ ತೆಗೆಯುವ ವಿಧಾನಕ್ಕೆ ಅಯುಕಾದ ಸಂಜೀವ ಧುರಂಧರ್ ಅವರು ದಶಕಗಳ ಕಾಲ ದುಡಿದಿದ್ದಾರೆ. ಚಿತ್ರದ ರೈನ್‌ಹಾರ್ಟ್ ಕಪ್ಪುರಂಧ್ರವನ್ನು ಅರಿಯಲು ತನ್ನವರನ್ನೆಲ್ಲ ಬಲಿಕೊಡುತ್ತಾನೆ. ಈ ಹಿರಿಯರು ಕಾಗದ, ಪೆನ್ನು, ತಾಳ್ಮೆಗಳಿಂದ ಅದನ್ನು ಅರಿತು, ಅರಿತದ್ದನ್ನು ಶಾಲೆಯ ಮಕ್ಕಳಿಗೂ ಹೇಳಿಕೊಟ್ಟರು. ಬೆಂಗಳೂರಿನ ನೆಹರೂ ತಾರಾಲಯವನ್ನು ರೂಪಿಸಿದ್ದು ಇದೇ ವಿಶ್ವೇಶ್ವರ ಅವರು. ಇದನ್ನು ಮಗಳಿಗೆ ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು.

ಮುಕ್ತಾಯದ ಬಗ್ಗೆ ನಮ್ಮಿಬ್ಬರಿಗೆ ಒಮ್ಮತವಾಗಲಿಲ್ಲ. ಕಪ್ಪುರಂಧ್ರದೊಳಗೆ ರೈನ್‌ಹಾರ್ಟ್ ಮ್ಯಾಕ್ಸಿಮಿಲಿಯನ್‌ನ ಜೊತೆ ಒಂದಾಗಿ, ಕೆಂಪು ಲೋಹದ ಒಳಗಿನಿಂದ ಅವನ ಕಣ್ಣುಗಳು ಮಾತ್ರ ನೋಡುತ್ತಿರುವಂತೆ, ಉರಿಯುವ ಬಂಡೆಯ ಮೇಲೆ ನಿಲ್ಲುತ್ತಾನೆ. ಕೆಳಗೆ ನಿಲುವಂಗಿಯವರ ಸಾಲು ನರಕದಲ್ಲಿಯೂ ಕಾಣುತ್ತದೆ. ಪ್ಯಾಲೊಮಿನೊದವರಲ್ಲಿ ಬದುಕಿ ಉಳಿದ ಮೂವರು ಮತ್ತು ವಿನ್ಸೆಂಟ್ ಸ್ಫಟಿಕದಂಥ ಕಮಾನುಗಳ ಕೆಳಗೆ ದೇವದೂತನಂಥ ಆಕೃತಿಯ ಹಿಂದೆ ಸಾಗಿ ಬೆಳಕಿನತ್ತ ಹೊರಬರುತ್ತಾರೆ. ಬಲಿಯಾದವರನ್ನು ನರಕದಲ್ಲಿ ತೋರಿಸುವುದು ಅನ್ಯಾಯ ಎಂಬುದು ನನ್ನ ವಾದ. “ಅಮ್ಮಾ, ಅದು ಅವರ ನರಕ ಅಲ್ಲ, ಅವನದು. ಅವನಿಗೆ ಕಾಣಿಸುತ್ತಿರುವವರು ಅವರು” ಎಂದು ಮಗಳು ವಾದಿಸಿದಳು. ಸೊಲ್ಲಾಪುರದಲ್ಲಿರುವ ಅಣ್ಣನಿಗೆ ಇಂದು ಮಧ್ಯಾಹ್ನ ಫೋನ್ ಮಾಡಿ ಕೇಳಿದಾಗ, ಅವನು ಸೊಸೆಯ ಪಕ್ಷವನ್ನೇ ಹಿಡಿದ. ನಾನು ಇನ್ನೂ ಒಪ್ಪಿಲ್ಲ. ನೌಕೆ ಚೂರಾಗುವ ಮೊದಲು ಇನ್ನೊಂದು ಮುಖವಾಡ ಸರಿದು, ಒಳಗಿನ ಮುಖ ಒಂದು ಕ್ಷಣ ನಮ್ಮ ಕಡೆ ತಿರುಗಿದ್ದರೆ ಸಾಕಿತ್ತು. ಅವರಿಗೆ ಸಲ್ಲಬೇಕಾದದ್ದು ಸಲ್ಲುತ್ತಿತ್ತು.

ಗಣೇಶನ ಹಬ್ಬಕ್ಕೆ ಅಣ್ಣ ಮಕ್ಕಳನ್ನು ಕರೆದುಕೊಂಡು ಬರುತ್ತಾನೆ. ಹನ್ನೆರಡರ ಹುಡುಗಿಗೆ ಈ ಚಿತ್ರ ತೋರಿಸೋಣವೆಂದು ಇಬ್ಬರೂ ಒಪ್ಪಿದ್ದೇವೆ, ಆದರೆ ದೊಡ್ಡವರು ಒಳಗೆ ಹೋಗಿ ಮಲಗುವುದು ಬೇಡ. ಅವಳ ತಮ್ಮನಿಗೆ ಏಳು ವರ್ಷ. ಅವನು ಇನ್ನು ಕೆಲವು ವರ್ಷ ಕಾಯಲಿ.