ರೋಮನ್ನರು ತುಂಬಾ ಕ್ಲೀನ್ ಅಂತೆ, ಹೌದಾ?

ನಾನು ರೋಮ್ ಇತಿಹಾಸ ಓದುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ. 'ಅವರು ದಿನಾ ಸ್ನಾನಕ್ಕೆ ಹೋಗ್ತಿದ್ರಂತೆ, ತುಂಬಾ ಕ್ಲೀನ್ ಜನ ಅಲ್ವಾ?' ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಸ್ನಾನ ಮಾಡುತ್ತಿದ್ದರು, ನಿಜ. ಕ್ಲೀನ್ ಆಗುತ್ತಿದ್ದರಾ ಅನ್ನುವುದು ಬೇರೆ ಮಾತು.

ಮೈಗೆ ಆಲಿವ್ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಬೆವರು ಇಳಿಯುವ ತನಕ ಚೆಂಡಾಟ, ಇಲ್ಲವೇ ಬಿಸಿ ಕೋಣೆ. ಆಮೇಲೆ ಸ್ಟ್ರಿಜಿಲ್ ಅನ್ನುವ ಬಾಗಿದ ಲೋಹದ ಪಟ್ಟಿಯಿಂದ ಎಣ್ಣೆ, ಬೆವರು, ಕೊಳೆ ಎಲ್ಲ ಸೇರಿಸಿ ಕೆರೆದು ತೆಗೆಯುತ್ತಿದ್ದರು. ಇಲ್ಲಿಯವರೆಗೆ ಸರಿ. ಆದರೆ ಆಮೇಲೆ ಎಲ್ಲರೂ ಇಳಿಯುತ್ತಿದ್ದದ್ದು ಒಂದೇ ತೊಟ್ಟಿಗೆ! ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ಗೇ ಸ್ನಾನ ಅಂದರೆ ನೆನಪಾಗುತ್ತಿದ್ದದ್ದು ಎಣ್ಣೆ, ಬೆವರು, ಕೊಳೆ, ಜಿಡ್ಡು ನೀರು. ವೈದ್ಯಶಾಸ್ತ್ರ ಬರೆದ ಸೆಲ್ಸಸ್, ಗಾಯ ಇನ್ನೂ ಶುದ್ಧವಾಗಿಲ್ಲದಿದ್ದರೆ ಸ್ನಾನ ಬೇಡವೇ ಬೇಡ ಅಂದಿದ್ದಾನೆ. 2016ರಲ್ಲಿ ಕೇಂಬ್ರಿಡ್ಜ್‌ನ ಪಿಯರ್ಸ್ ಮಿಚೆಲ್ ರೋಮನ್ ಕಾಲದ ಹೊಟ್ಟೆಹುಳು, ಹೇನು, ಚಿಗಟಗಳ ಕುರುಹುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಇಷ್ಟೆಲ್ಲ ಸ್ನಾನಗೃಹ, ಶೌಚಾಲಯ ಬಂದ ಮೇಲೂ ಅವು ಕಡಿಮೆ ಆಗಿರಲಿಲ್ಲ.

ಒಂದು ಮದುವೆ ಊಟದಲ್ಲಿ ಇದನ್ನೆಲ್ಲ ಹೇಳಿದೆ. ಪಕ್ಕದ ಎಲೆಯವರು ಪೂರ್ತಿ ಕೇಳಿಸಿಕೊಂಡು, 'ಅದೆಲ್ಲ ಇರ್ಲಿ, ಅವರು ಕ್ಲೀನಾ, ನಾವು ಕ್ಲೀನಾ? ಒಂದೇ ಮಾತಲ್ಲಿ ಹೇಳಿ' ಅಂದರು. ನನಗೆ ರೇಗುವುದು ಇದಕ್ಕೇ. ಒಂದಿಡೀ ಸಮಾಜಕ್ಕೆ ಸ್ವಚ್ಛತೆಯಲ್ಲಿ ಎಷ್ಟು ಮಾರ್ಕ್ಸು ಅಂತ ಯಾಕೆ ಕೇಳಬೇಕು? ಬರೀ ಕೊಳೆ ತೊಳೆಯುವುದಕ್ಕೆ ಯಾರೂ ಆ ಸಾರ್ವಜನಿಕ ಸ್ನಾನಗೃಹದಲ್ಲಿ ಅಷ್ಟು ಹೊತ್ತು ಕೂರುತ್ತಿರಲಿಲ್ಲ. ಊಟ, ಹರಟೆ, ವ್ಯವಹಾರ ಎಲ್ಲ ಅಲ್ಲೇ. ಸ್ನಾನಗೃಹದ ಮೇಲಿನ ಮನೆಯಲ್ಲಿದ್ದ ತತ್ವಜ್ಞಾನಿ ಸೆನೆಕಾ ತನ್ನ ಪತ್ರದಲ್ಲಿ ಆ ಗಲಾಟೆಯನ್ನೆಲ್ಲ ಬರೆದಿದ್ದಾನೆ. ಭಾರ ಎತ್ತುವವರ ಏದುಸಿರು, ಸಿಕ್ಕಿಬಿದ್ದ ಕಳ್ಳ, ಸಾಸೇಜ್ ಮಾರುವವನ ಕೂಗು. ಕಂಕುಳ ಕೂದಲು ಕೀಳುವವನಂತೂ ಗಿರಾಕಿಗಾಗಿ ಕೂಗುತ್ತಲೇ ಇರುತ್ತಾನಂತೆ. ಅವನು ಬಾಯಿ ಮುಚ್ಚುವುದು ಕೀಳುವಾಗ ಮಾತ್ರ, ಆಗ ಗಿರಾಕಿ ಕೂಗುತ್ತಾನೆ. ಇದನ್ನು ಓದಿದಾಗಲೆಲ್ಲ ನಗು ಬರುತ್ತದೆ.

ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಿರುವ ಪ್ರಶ್ನೆ ಬೇರೆ ಇದೆ. ಆ ನೀರು ಕಾಯಿಸುತ್ತಿದ್ದವರು ಯಾರು?

ಬಿಸಿ ಕೋಣೆಯ ನೆಲ ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನಿಂತಿರುತ್ತಿತ್ತು. ಒಲೆಯ ಬಿಸಿ ಗಾಳಿ ನೆಲದಡಿ ಹರಿದು, ಗೋಡೆಯೊಳಗಿನ ಟೊಳ್ಳು ಹೆಂಚುಗಳ ಮೂಲಕ ಮೇಲೇರುತ್ತಿತ್ತು. ಹಂಡೆ ಒಲೆಗೆ ಉರಿ ಹಾಕಿದವರಿಗೆ ಗೊತ್ತು, ಅದರ ಮುಂದೆ ಯಾರಾದರೂ ಕೂರಲೇಬೇಕು. ಕ್ರಿ.ಶ. 216ರಲ್ಲಿ ರೋಮ್‌ನಲ್ಲಿ ತೆರೆದ ಕ್ಯಾರಕಲ್ಲಾ ಸ್ನಾನಗೃಹದ ಕೆಳಗೆ ಗಾಡಿ ಓಡಾಡುವಷ್ಟು ಅಗಲದ ಸುರಂಗಗಳಿವೆ. ಮೇಲೆ ಅಮೃತಶಿಲೆ, ಪ್ರತಿಮೆಗಳು. ಕೆಳಗೆ ಸೌದೆ, ಹೊಗೆ, ಗುಲಾಮರು. ಒಳಗೆ ಹೋಗಲು ಗಿರಾಕಿ ಕೊಡುತ್ತಿದ್ದದ್ದು ಸಾಮಾನ್ಯವಾಗಿ ಕ್ವಾಡ್ರನ್ಸ್, ತೀರಾ ಚಿಲ್ಲರೆ ಕಾಸು. ಅಷ್ಟು ಅಗ್ಗಕ್ಕೆ ಸಿಗುತ್ತಿದ್ದದ್ದು ಸಿರಿವಂತರ ದಾನಧರ್ಮದಿಂದ ಮಾತ್ರ ಅಲ್ಲ, ಈ ಬಿಟ್ಟಿ ದುಡಿಮೆಯಿಂದಲೂ.

ರೋಮನ್ ಲೇಖಕ ಪ್ಲಿನಿ ಬಿಥಿನಿಯಾದಲ್ಲಿ (ಈಗಿನ ಟರ್ಕಿಯ ಒಂದು ಭಾಗ) ರಾಜ್ಯಪಾಲನಾಗಿದ್ದಾಗ ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದ. ಶಿಕ್ಷೆಯಾದ ಕೆಲವರು ಅದನ್ನು ಅನುಭವಿಸುವ ಬದಲು ಊರಿನ ಗುಲಾಮರ ಕೆಲಸದಲ್ಲಿ ಸೇರಿಕೊಂಡಿದ್ದಾರೆ, ಏನು ಮಾಡಲಿ ಅಂತ. ಉತ್ತರ ಬಂತು: ಶಿಕ್ಷೆಯಾಗಿ ಹತ್ತು ವರ್ಷ ಮೀರಿದ ಮುದುಕರನ್ನು ಶಿಕ್ಷೆಗಿಂತ ತೀರಾ ಬೇರೆಯಲ್ಲದ ಕೆಲಸಗಳಿಗೆ ಹಂಚಿ. ಇಂಥವರನ್ನು ಸಾಮಾನ್ಯವಾಗಿ ಹಾಕುವುದು ಸ್ನಾನಗೃಹಕ್ಕೆ, ಚರಂಡಿ ತೆಗೆಯಲಿಕ್ಕೆ, ರಸ್ತೆ ಕೆಲಸಕ್ಕೆ. ಚಕ್ರವರ್ತಿಯ ಪಟ್ಟಿಯಲ್ಲಿ ಮೊದಲು ಬಂದದ್ದೇ ಸ್ನಾನಗೃಹ.

ಆ ಮುದುಕರ ಬಗ್ಗೆ ಕೇಳಿ. ಊಟದ ಎಲೆ ಒಣಗಿದರೂ ಚಿಂತೆಯಿಲ್ಲ, ಕೂತು ಹೇಳುತ್ತೇನೆ.